ಲೆಕ್ಕಕ್ಕೆ ಸೇರದ ದಾರಿ

ಗುಂಡಪ್ಪ ಕಾಕಾ ಮನುಷ್ಯರನ್ನೆಲ್ಲ ಏಕವಚನದಲ್ಲಿ ಮಾತಾಡಿಸುತ್ತಿದ್ದರು, ಗಾಡಿಯನ್ನು ಮಾತ್ರ ಬಹುವಚನದಲ್ಲಿ. ದೊಡ್ಡ ಸಾಹೇಬರೊಬ್ಬರು ಬಂದು ಹಿಂದಿನ ಸೀಟಿನಲ್ಲಿ ಕೂತರೂ “ಏ, ಬಾಗಲಾ ಜರಾ ಮೆಲ್ಲಕ ಹಾಕೋ” ಎನ್ನುವರು. ಅದೇ ಉಸಿರಿನಲ್ಲಿ ಚಾವಿ ತಿರುಗಿಸುತ್ತ, “ಏಳ್ರಿ ಇನ್ನ, ಬಿಸಲು ಬಂತು, ಎಷ್ಟೊತ್ತು ಮಲಗ್ತೀರಿ?” ಎಂದು ತಮ್ಮ ಅಂಬಾಸಡರ್ ಕಾರನ್ನು ಕೇಳುವರು. ಅವರ ಹೆಂಡತಿ ಕಾಶಿಬಾಯಿ ಕಾಕು ಇದನ್ನು ಕೇಳಿಸಿಕೊಂಡು ಒಳಗಿನಿಂದಲೇ, “ನನಗ ಒಂದಿನಾನೂ ಏಳ್ರಿ ಅಂದಿಲ್ಲ ನೋಡು ಈ ಮನಷ್ಯಾ” ಎನ್ನುತ್ತಿದ್ದರು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ.

ಕುಳ್ಳ ಆಳು. ಬಿಳಿ ಪೈಜಾಮ, ಬಿಳಿ ಟೋಪಿ, ಮೇಲೆ ಖಾಕಿ ಅಂಗಿ. ಮುಂದಿನ ದಾರಿ ಕಾಣಲೆಂದು ಕೆಳಗೊಂದು ಮಡಿಸಿದ ಕೌದಿ ಹಾಕಿಕೊಂಡು ಕೂರುತ್ತಿದ್ದರು. ಚಪ್ಪಲಿ ಬಿಟ್ಟು, ಸೀಟಿನ ಕೆಳಗೆ ಸರಿಸಿ, ಬರಿಗಾಲಲ್ಲಿ ಪೆಡಲ್ ತುಳಿಯುವರು. ಯಾಕೆಂದು ಕೇಳಿದರೆ, “ಬೂಟು ಹಾಕ್ಕೊಂಡು ಯಾರರೆ ನಾಡಿ ನೋಡ್ತಾರೇನೋ?” ಎನ್ನುವರು.

ಈಗ ಹುಮನಾಬಾದಿನಲ್ಲಿ ಹೆದ್ದಾರಿಗೆ ಹತ್ತಿದಂತೆ ನನ್ನದೊಂದು ಹಳೆಯ ಗಾಡಿಗಳ ಅಂಗಡಿಯಿದೆ. ಕಾರು, ಜೀಪು, ಟ್ರ್ಯಾಕ್ಟರು, ಹಳ್ಳಿಖೇಡದ ಕಬ್ಬು ಹೊತ್ತು ಸವೆದ ಲಾರಿ, ಎಲ್ಲವೂ ನನ್ನ ಅಂಗಳಕ್ಕೆ ಬರುತ್ತವೆ. ನನಗೆ ಅಪ್ಪ ಕೊಟ್ಟ ಬಂಡವಾಳ ಇರಲಿಲ್ಲ. ಇದ್ದದ್ದು ಬಾಯಿ ಒಂದು, ಗುಂಡಪ್ಪ ಕಾಕಾ ಕೊಟ್ಟ ಕಣ್ಣು ಒಂದು. ಮೊದಲ ಜೀಪು ಕೊಳ್ಳುವಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಮಾರುವವನು ಬಾಗಿಲು ತೆಗೆದವನೇ ಮೀಟರಿಗೆ ಬೆರಳು ತೋರಿಸಿದ: ಗಾಡಿ ಓಡಿಯೇ ಇಲ್ಲ, ನೋಡ್ರಿ, ಹೊಸದರಂತೆ ಇದೆ ಎಂದು. ಕಾಕಾ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಬರಿಗಾಲಿನಿಂದ ಬ್ರೇಕಿನ ಪೆಡಲನ್ನು ಸವರಿದರು. ರಬ್ಬರ್ ಸವೆದು ಕಬ್ಬಿಣ ಕಾಲಿಗೆ ಹತ್ತುತ್ತಿತ್ತು.

“ಶಿವ್ಯಾ, ಮೀಟರ್ ಅಂದ್ರ ಗಾಡಿ ಬಾಯಿ. ಹೇಳಿಕೊಟ್ಟಿದ್ದು ಹೇಳ್ತದ. ಕಾಲಾಗ ಬಿದ್ದಿದ್ದಕ್ಕ ಸುಳ್ಳು ಹೇಳಾಕ ಬರಾಂಗಿಲ್ಲ” ಎಂದರು. ಮಾರುವವನು ಮುಖ ಹುಳ್ಳಗೆ ಮಾಡಿಕೊಂಡ. ಆ ಜೀಪು ನಾನು ಕೊಂಡೆ, ಅವನು ಹೇಳಿದ ದರಕ್ಕಲ್ಲ.

ನೀವು ಹಳೆಯ ಗಾಡಿ ಕೊಳ್ಳುವವರಾಗಿದ್ದರೆ ಇಷ್ಟು ನೆನಪಿಡಿ. ಪೆಡಲ್ ನೋಡಿ, ಸ್ಟೇರಿಂಗಿನ ಹೊಳಪು ನೋಡಿ, ಚಾಲಕನ ಕಡೆಯ ಬಾಗಿಲು ಎತ್ತಿ ನೋಡಿ, ಜೋತು ಬಿದ್ದಿದೆಯೋ ಎಂದು. ಮೀಟರ್ ಕೊನೆಗೆ ನೋಡಿ. ನಗುವುದಕ್ಕೆ.

ಇಷ್ಟು ಹೇಳಿದ ಕಾಕಾ ತಮ್ಮ ಮೀಟರನ್ನು ಮಾತ್ರ ದೇವರ ಜಗಲಿಯ ಹಾಗೆ ನೋಡಿಕೊಳ್ಳುತ್ತಿದ್ದರು. ದಿನಾ ಅದರ ಗಾಜು ಒರೆಸುವರು. ಕಲ್ಯಾಣದಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಕಲ್ಯಾಣಕ್ಕೆ ಅವರ ಟ್ಯಾಕ್ಸಿ ಓಡುತ್ತಿತ್ತು. ಮೀಟರಿನ ಹಿಂದೆ ಒಂದು ತಂತಿ ಇರುತ್ತದೆ. ಚಕ್ರ ತಿರುಗಿದಷ್ಟನ್ನು ಒಯ್ದು ಅಂಕಿಗೆ ಮುಟ್ಟಿಸುವುದು ಅದೇ. ಬಾಡಿಗೆ ಡ್ರೈವರುಗಳು ಮಾಲೀಕನಿಗೆ ತಿಳಿಯದಂತೆ ಒಂದು ಸುತ್ತು ಹೊಡೆದು ಬರಬೇಕೆಂದರೆ ಆ ತಂತಿಯನ್ನು ಕೈಯಿಂದ ಬಿಚ್ಚಿಬಿಡುತ್ತಾರೆ. ಗಾಡಿ ಓಡುತ್ತದೆ, ಅಂಕಿ ಓಡುವುದಿಲ್ಲ. ಕಾಕಾನದು ಸ್ವಂತ ಗಾಡಿ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಆದರೂ ಅವರು ತಂತಿ ಬಿಚ್ಚುತ್ತಿದ್ದರು. ರೋಗಿಯನ್ನು ದವಾಖಾನೆಗೆ ಒಯ್ಯುವಾಗ, ಹೆಣ ಊರಿಗೆ ತರುವಾಗ.

“ಮದವಿ ದಾರಿ ಬರೀಲಿ, ಬಸರಿ ಕುಬಸದ ದಾರಿ ಬರೀಲಿ. ಅಳೋ ದಾರಿ ಇವರ ಮೈಮ್ಯಾಲ ಯಾಕ ಬರೀಬೇಕು?” ಎನ್ನುವರು. ಇವರು ಎಂದರೆ ಗಾಡಿ. ಮೀಟರ್ ಓಡದ ಮೇಲೆ ಬಾಡಿಗೆ ಕೇಳುವುದು ಹೇಗೆ? ಎಣ್ಣೆಯ ಖರ್ಚಷ್ಟೇ ತೆಗೆದುಕೊಳ್ಳುವರು, ಅದನ್ನೂ ಕೊಟ್ಟರೆ. ನಾನು ವ್ಯಾಪಾರಿ, ಈ ಪದ್ಧತಿಯಿಂದ ಅವರಿಗೆ ಆಗುತ್ತಿದ್ದ ನಷ್ಟದ ಬಗ್ಗೆ ಎಷ್ಟೋ ಸಲ ಉಪದೇಶ ಮಾಡಿದ್ದೇನೆ. “ಹೌದಪ್ಪಾ, ಹೌದು” ಎಂದು ಚಹಾ ಕುಡಿಸಿ ಕಳಿಸುವರು.

ಇದರಲ್ಲಿ ಇನ್ನೊಂದು ಭಾಗವಿತ್ತು. ರೋಗಿ ಗುಣವಾಗಿ ಅದೇ ಗಾಡಿಯಲ್ಲಿ ಮನೆಗೆ ಹೊರಟರೆ, ದವಾಖಾನೆಯ ಗೇಟು ದಾಟಿದ ಕೂಡಲೇ ಕಾಕಾ ಗಾಡಿ ಬದಿಗೆ ನಿಲ್ಲಿಸಿ, ಬಗ್ಗಿ, ಕೈಹಾಕಿ ತಂತಿ ಸೇರಿಸುವರು. ಆಮೇಲೆ ಹಿಂದೆ ತಿರುಗಿ, “ಹಾಂ, ಈಗ ಲೆಕ್ಕಕ್ಕ ಬಂದಿ ನೋಡು” ಎನ್ನುವರು. ಡಾಕ್ಟರರ ಮಾತು ನಂಬದ ಮುದುಕಿಯರೂ ಈ ಮಾತು ನಂಬಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ನಡುದಾರಿಯ ರಾಜೇಶ್ವರ ಊರಿನ ಒಬ್ಬ ಹಿರಿಯರು, “ಗುಂಡಪ್ಪ ತಂತಿ ಹಚ್ಚಿದ ಮ್ಯಾಲೇ ನನಗ ಹಸಿವಿ ಆತು” ಎಂದು ಊರ ತುಂಬ ಹೇಳಿಕೊಂಡು ತಿರುಗಿದ್ದರು.

ಹೀಗಿರುವಾಗ ಕಾಶಿಬಾಯಿ ಕಾಕುಗೆ ಜ್ವರ ಬಂತು. ಊರಿನ ಔಷಧಕ್ಕೆ ಇಳಿಯಲಿಲ್ಲ. ಒಂದು ಮಧ್ಯಾಹ್ನ ಹಿಟ್ಟು ನಾದುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಕಾಕಾ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತಂತಿ ಬಿಚ್ಚಿ, ಹುಮನಾಬಾದಿಗೆ ತಂದರು. ಆಗ ನಾನು ಅದೇ ಊರಿನಲ್ಲಿ ಹಳೆಯ ಟಾಯರು ಮಾರುತ್ತಿದ್ದೆ, ದಿನಾ ದವಾಖಾನೆಗೆ ಹೋಗಿ ಬರುತ್ತಿದ್ದೆ. ಕಾಕು ಯಾರನ್ನೂ ಗುರುತಿಸುತ್ತಿರಲಿಲ್ಲ. ಕಾಕಾ ವರಾಂಡದ ಬೆಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದುಕೊಂಡು ಕೂತಿರುವರು. ಆಮೇಲೆ ಒಂದು ದಿನ ಕಾಕು ಕಣ್ಣು ಬಿಟ್ಟು, ರೊಟ್ಟಿ ತಟ್ಟಿದವರು ಯಾರು, ಮನೆಯಲ್ಲಿ ಉಂಡವರು ಯಾರು ಎಂದು ಬೈಯತೊಡಗಿದರು. ಬದುಕಿದರು ಎಂದು ನಮಗೆ ಗೊತ್ತಾದದ್ದು ಆ ಬೈಗುಳದಿಂದಲೇ.

ಮನೆಗೆ ಕರೆದೊಯ್ಯುವ ದಿನ ನಾನೂ ಜೊತೆಗೆ ಹೊರಟೆ. ಪಾತ್ರೆ-ಪಡಗ ಹಿಡಿದುಕೊಂಡು ನಾನು ಹಿಂದೆ ಕೂತೆ. ಗಾಳಿ ಬೇಕೆಂದು ಕಾಕು ಮುಂದೆ ಕೂತರು. ಊರು ದಾಟಿತು. ಎರಡೂ ಕಡೆ ತೊಗರಿ ಹೂವಾಡಿತ್ತು. ಕಾಕು ಹೊಲ ನೋಡಿದರು, ಗಿಡ ನೋಡಿದರು, ಆಮೇಲೆ ಮೀಟರ್ ನೋಡಿದರು. ಗಿಡಗಳು ಹಿಂದಕ್ಕೆ ಓಡುತ್ತಿದ್ದವು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

“ಇದ್ಯಾಕ ಓಡವಲ್ದು?” ಎಂದರು ಕಾಕು.

ಕಾಕಾ ದಾರಿ ನೋಡುತ್ತಲೇ, “ತಂತಿ ಹಚ್ಚೂದು ಮರ್ತೆ” ಎಂದರು.

“ಹೋಗುವಾಗ ತಗದ್ರಿ, ಖರೆ. ನನಗ ಖಬರ್ ಇದ್ದಿಲ್ಲ. ಬರುವಾಗ?”

“ಮರ್ತೆ ಅಂದೆನಲ್ಲ.”

“ರಾಜೇಶ್ವರದ ಮುದುಕಂದು ನೆನಪಿರ್ತದ. ಊರ ಮಂದಿದೆಲ್ಲಾ ನೆನಪಿರ್ತದ. ನಾ ಹೊಳ್ಳಿ ಬರ್ತೀನಿ ಅನ್ನೂದು ನಿಮಗ ನೆನಪೇ ಇದ್ದಿಲ್ಲ ಅನ್ರಿ.”

ಕಾಕಾ ಗೇರು ಬದಲಿಸಿದರು. ರಾಜೇಶ್ವರ ಬಂತು. “ನಿಲ್ಲಸ್ರಿ” ಎಂದರು ಕಾಕು. ನೀರು ಬೇಕೇನೋ ಎಂದು ಕಾಕಾ ನಿಲ್ಲಿಸಿದರು. ಕಾಕು ಬಾಗಿಲು ತೆಗೆದು ಇಳಿದು, ಮೆಲ್ಲಗೆ ನಡೆದುಹೋಗಿ ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕೂತುಬಿಟ್ಟರು.

“ಕಾಕು, ಈಗಷ್ಟೇ ಜ್ವರ ಬಿಟ್ಟದ, ಹಟ ಮಾಡಬ್ಯಾಡ್ರಿ” ಎಂದು ನಾನು ಬೇಡಿಕೊಂಡೆ.

“ಬಸ್ಸಿನ್ಯಾಗ ಟಿಕೀಟ್ ಕೊಡ್ತಾರೋ ಶಿವರಾಜ. ನಾ ಕೂತಿದ್ದು ಲೆಕ್ಕಕ್ಕರೆ ಬರ್ತದ” ಎಂದರು.

ಬಸ್ಸು ಬಂತು. ಕಾಕು ಹತ್ತಿದರು, ಅವರ ಹಿಂದೆ ಪಾತ್ರೆ ಹಿಡಿದುಕೊಂಡು ನಾನೂ ಹತ್ತಿದೆ. ಹಿಂದಿನ ಗಾಜಿನಲ್ಲಿ ನೋಡಿದರೆ ಕಾಕಾನ ಬಿಳಿ ಅಂಬಾಸಡರ್ ಬಸ್ಸಿನ ಬಾಲ ಹಿಡಿದು ಬರುತ್ತಿತ್ತು. ಬಸ್ಸು ನಿಂತಲ್ಲಿ ನಿಲ್ಲುತ್ತಿತ್ತು, ಹೊರಟರೆ ಹೊರಡುತ್ತಿತ್ತು. ಬಂಗ್ಲಾ ಕ್ರಾಸಿನಲ್ಲಿ ತಿರುಗಿ ಕಲ್ಯಾಣದವರೆಗೂ ಹಾಗೆಯೇ ಬಂದರು.

ಆವತ್ತಿನಿಂದ ಕಾಕು ಆ ಗಾಡಿಯಲ್ಲಿ ಕೂರಲಿಲ್ಲ. ಮನೆಯಲ್ಲಿ ಜಗಳವೇನೂ ಇಲ್ಲ. ಬಿಸಿ ರೊಟ್ಟಿ ಹಾಕುವರು, ಕಾಕಾನ ಟೋಪಿಗೆ ನೀಲಿ ಹಾಕಿ ಒಗೆಯುವರು, ಒಂದೇ ತಟ್ಟೆಯಲ್ಲಿ ಶೇಂಗಾ ಸುಲಿದು ತಿನ್ನುವರು. ಮಗಳ ಮದುವೆಯ ದಿಬ್ಬಣ ಅದೇ ಕಾರಿನಲ್ಲಿ ಹೊರಟಾಗ ಕಾಕು ಮಾತ್ರ ಬೀಗರ ಟೆಂಪೋದಲ್ಲಿ ಬಂದರು. ಯಾರಾದರೂ ಕೇಳಿದರೆ, “ಅವರ ಗಾಡ್ಯಾಗ ನನಗ ತಲಿ ತಿರಗ್ತದ” ಎನ್ನುವರು.

ಕಾಲ ಸರಿದ ಹಾಗೆ ಟಂಟಂ ಆಟೋಗಳು ಬಂದವು, ಜೀಪುಗಳು ಬಂದವು, ಟ್ಯಾಕ್ಸಿಗೆ ಗಿರಾಕಿ ಇಲ್ಲದಾಯಿತು. ಅಂಬಾಸಡರ್ ಮನೆಯ ಪಕ್ಕದ ಗೋಡೆಗೆ ಒರಗಿ ತಾಡಪತ್ರಿ ಹೊದ್ದು ನಿಂತಿತು. ಮೇಲೆ ಕಾಕು ಸಂಡಿಗೆ ಒಣಗಿಸುತ್ತಿದ್ದರು. ಒಳಗೆ ಇಲಿಗಳು ಸಂಸಾರ ಹೂಡಿದವು.

ನನ್ನ ಅಂಗಡಿ ಬೆಳೆದ ಮೇಲೆ, ಹಳೆಯ ಅಂಬಾಸಡರ್ ಬೇಕೆಂದು ದೂರದಿಂದ ಹುಡುಕಿಕೊಂಡು ಬರುವ ಶೋಕಿಯವರನ್ನು ಕಂಡು ನನಗೆ ಆಸೆ ಹುಟ್ಟಿತು. ಕಾಕಾನ ಬಳಿ ಹೋಗಿ, ರಿಪೇರಿ ನನ್ನದು, ಗಾಡಿ ನಿಮ್ಮದು, ಮದುವೆಗೆ ಬಾಡಿಗೆ ಬಿಡೋಣ ಎಂದೆ. ಅವರು ಒಳಗೆ ಕಾಕುಗೆ ಕೇಳದಂತೆ ದನಿ ತಗ್ಗಿಸಿದರು.

“ಸಕ್ಕರಿ ರೋಗ ಕಣ್ಣಿಗೆ ಇಳದದ ಅಂದಾನೋ ಡಾಕ್ಟರ್. ಇನ್ನ ಸ್ವಲ್ಪ ದಿನ, ಆಮ್ಯಾಲ ಗಾಡಿ ಮುಟ್ಟಬ್ಯಾಡ ಅಂದಾನ. ಬಾಡಿಗಿ-ಗೀಡಿಗಿ ನಿನಗ ಬಿಟ್ಟಿದ್ದು. ಒಮ್ಮಿ ಆಕಿನ್ನ ಬಾಜೂಕ ಕೂಡಿಸ್ಕೊಂಡು ಹುಮನಾಬಾದಿಗಿ ಹೋಗಿ ಬರ್ತೀನಿ. ಅಷ್ಟಾದ್ರ ಚಾವಿ ನೀ ಇಟ್ಕೋ.”

ಗಾಡಿಯನ್ನು ಎಳೆದುಕೊಂಡು ಹುಮನಾಬಾದಿಗೆ ತಂದೆ. ತುಕ್ಕು ಕೆರೆದು ತಗಡು ಬೆಸೆದದ್ದಾಯಿತು, ಇಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಸೀಟಿಗೆ ಹೊಸ ರೆಕ್ಸಿನ್, ಮೈಗೆ ಮೊದಲಿನದೇ ಬಿಳಿ ಬಣ್ಣ. ಕಾಕಾ ವಾರಕ್ಕೊಮ್ಮೆ ಬಸ್ಸಿಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಹ್ಯಾಂಗ ಅದೀರಿ? ಭಾಳ ತ್ರಾಸು ಕೊಡಾಕತ್ತಾನೇನು ಶಿವ್ಯಾ?” ಎಂದು ಗಾಡಿಯನ್ನು ವಿಚಾರಿಸಿಕೊಂಡು ಹೋಗುವರು.

ಕೊನೆಗೆ ಉಳಿದದ್ದು ಮೀಟರ್. ನಮ್ಮ ಮೀಟರ್ ಮಿಸ್ತ್ರಿ ಖಾಜಾ ಅದನ್ನು ಬಿಚ್ಚಿ ಎಣ್ಣೆ ಹಾಕಿ ಮೇಜಿನ ಮೇಲಿಟ್ಟು, “ಸೇಠ್, ಜೀರೋಕ್ಕ ಕೂಡಿಸ್ಲಾ? ಗಾಡಿ ಹೊಸಾದೇ ಆತಲ್ಲ” ಎಂದ. ನನಗೂ ಅದೇ ಸರಿ ಕಂಡಿತು. ಇಂಜಿನ್ ಮತ್ತೆ ಹುಟ್ಟಿದ ದಿನ ಮೀಟರ್ ಸೊನ್ನೆಯಿಂದ ಹೊರಟರೆ, ಎಣ್ಣೆ ಯಾವಾಗ ಬದಲಿಸಬೇಕು, ಬೆಲ್ಟ್ ಯಾವಾಗ ನೋಡಬೇಕು, ಎಲ್ಲ ಸಲೀಸು. ಹಳೆಯ ಅಂಕಿಯನ್ನು ಮುಚ್ಚಿಡದೆ ಕೊಳ್ಳುವವನಿಗೆ ಹೇಳಿದರಾಯಿತು, ಅದರಲ್ಲಿ ಮೋಸವಿಲ್ಲ. ಇದು ನನ್ನ ವಾದ. ಕಾಕಾ ಒಪ್ಪುವುದಿಲ್ಲ ಎಂದುಕೊಂಡು ಮಾತು ಕೂಡಿಸಿಕೊಂಡು ಕೂತಿದ್ದೆ. ಅವರು ಕೇಳಿದ್ದೇ ತಡ ಒಪ್ಪಿಬಿಟ್ಟರು.

“ಮಾಡಿಬಿಡು ಜೀರೋ. ಹಳೇದೆಲ್ಲಾ ಹೋಗ್ಲಿ. ಅಂಕೀನೇ ಇಲ್ಲ ಅಂದ ಮ್ಯಾಲ ಆಕಿ ಯಾವದು ಲೆಕ್ಕಕ್ಕ ಬಂತು, ಯಾವದು ಬರ್ಲಿಲ್ಲ ಅಂತ ಹ್ಯಾಂಗ ಕೇಳ್ತಾಳ?”

ಈ ಸಂತೋಷದ ಸುದ್ದಿ ಹೇಳಲು ಇಬ್ಬರೂ ಕಲ್ಯಾಣಕ್ಕೆ ಹೋದೆವು. ಕಾಕು ಅಂಗಳದಲ್ಲಿ ಮೊರ ಹಿಡಿದು ಬೇಳೆ ಕೇರುತ್ತಿದ್ದರು. ನಾನೇ ವಿಷಯ ತೆಗೆದೆ. ಮೊರ ನಿಂತಿತು.

“ಜೀರೋ ಅಂದ್ರ? ನಾ ದವಾಖಾನ್ಯಾಗಿಂದ ಜೀವಂತ ಬಂದಿದ್ದು ಇವರ ಲೆಕ್ಕದಾಗ ಇಲ್ಲ. ಈಗ ಆ ಲೆಕ್ಕಾನೇ ಅಳಿಸಿ ಕೈ ತೊಳ್ಕೋತಾರೇನು? ಛಲೋ ಅದ.”

ವ್ಯಾಪಾರದಲ್ಲಿ ಒಂದು ಬೆಲೆ ನಡೆಯದಿದ್ದರೆ ಇನ್ನೊಂದು ಬೆಲೆ ಹಿಡಿದು ನಿಲ್ಲಬೇಕು. ನಾನು ಕೂಡಲೇ, “ಹಂಗಾದ್ರ ಕಾಕು, ಸೊನ್ನೆ ಬ್ಯಾಡ. ಆವತ್ತಿನ ಹುಮನಾಬಾದ್-ಕಲ್ಯಾಣದ ದಾರಿ ಎಷ್ಟೋ ಅಷ್ಟು ಮೀಟರ್ ಮುಂದಕ್ಕ ತಿರುವಸ್ತೀನಿ. ಮೀಟರ್ ಹಿಂದಕ್ಕ ತಿರುವಸೋರು ನನ್ನ ಅಂಗಡಿಗೆ ಬೇಕಾದಷ್ಟು ಮಂದಿ ಬರ್ತಾರ. ಮುಂದಕ್ಕ ತಿರುವ್ರಿ ಅಂದವರು ಇಲ್ಲಿತನಕ ಒಬ್ರೂ ಇಲ್ಲ. ನಿಮ್ಮ ಸಲುವಾಗಿ ಮಾಡ್ತೀನಿ” ಎಂದೆ. ಬಹಳ ಒಳ್ಳೆಯ ವ್ಯವಹಾರ ಕುದುರಿಸಿದೆ ಎಂದೇ ನನ್ನ ಎಣಿಕೆ.

ಕಾಕು ನನ್ನನ್ನು ಕನಿಕರದಿಂದ ನೋಡಿದರು. “ಖಾಜಾ ಕೂತಲ್ಲೇ ಕೂತು ತಿರುವಿದ್ದು ಖಾಜಾನ ದಾರಿ ಆತಪ್ಪಾ. ನಂದ್ಹ್ಯಾಂಗ ಆತು?”

ನನ್ನ ಬಳಿ ಮೂರನೆಯ ಬೆಲೆ ಇರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು.

“ನಾ ಮರ್ತಿದ್ದಿಲ್ಲ” ಎಂದರು.

ಕಾಕು ತಲೆ ಎತ್ತಿದರು.

“ಗೇಟು ದಾಟಿದ ಕೂಡ್ಲೇ ಕೈ ತಂತಿಗೇ ಹೋಗಿತ್ತು. ಹಚ್ಚಲಿಲ್ಲ. ಮಂದಿದಾದ್ರ ಹಚ್ಚಿ ಲೆಕ್ಕಕ್ಕ ಬಂದಿ ಅಂತಿದ್ದೆ. ನೀ ಬಾಜೂಕ ಕೂತಿದ್ದಿ, ಮುಖದಾಗ ರಕ್ತ ಇದ್ದಿಲ್ಲ. ನಡುದಾರ್ಯಾಗ ಹಂಗ ಅಂದ್ರ, ಯಾರದರೆ ದೃಷ್ಟಿ ಬಿದ್ದು, ಹೊಳ್ಳಿ ದವಾಖಾನಿಗೇ ಹೋಗೂದಾದ್ರ? ಮನಿ ಹೊಸ್ತಿಲ ದಾಟಸ್ತೀನಿ, ಆಮ್ಯಾಲ ಹಚ್ತೀನಿ ಅಂತ ಇಟ್ಟಿದ್ದೆ. ಅಷ್ಟರಾಗ ನೀ ರಾಜೇಶ್ವರದಾಗ ಇಳದಿ.”

“ಮತ್ತ ಮರ್ತೆ ಅಂದ್ರಿ?”

“ಶಿವ್ಯಾ ಹಿಂದ ಕೂತಿದ್ದ. ಅವನ ಮುಂದ ಅಂಜಿಕಿ ಬಂತು ಅಂತ ಹ್ಯಾಂಗ ಹೇಳ್ಲಿ?”

“ಆಮ್ಯಾಲ? ಇಷ್ಟು ವರ್ಷ?”

“ಆಮ್ಯಾಲ ನೀ ಸಿಟ್ಟಾಗಿ ಓಡಾಡಾಕತ್ತಿ. ಸಿಟ್ಟಾಗೋಷ್ಟು ಗಟ್ಟಿ ಆಗ್ಯಾಳ, ಆಗ್ಲಿ ಬಿಡು ಅನಸ್ತು.”

ಕಾಕು ಮೊರವನ್ನು ಬದಿಗಿಟ್ಟರು. ಅವರು ನಗುತ್ತಾರೋ ಅಳುತ್ತಾರೋ ನನಗೆ ತಿಳಿಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ಎಂಥ ಹುಚ್ಚು ಮನಷ್ಯಾ ಗಂಟು ಬಿದ್ದಾನ ನೋಡು ನನಗ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಜೀರೋನೂ ಬ್ಯಾಡ, ಮುಂದನೂ ಬ್ಯಾಡ. ಎಲ್ಲಿ ನಿಂತದ ಅಲ್ಲೇ ಇರ್ಲಿ. ತಂತಿ ಹಚ್ಚಿ ತಗೊಂಡ್ಬಾ. ನಾ ಬರ್ತೀನಿ” ಎಂದರು.

ತಂತಿ ಹಚ್ಚಿದ ಗಾಡಿಯನ್ನು ನಾನೇ ಕಲ್ಯಾಣಕ್ಕೆ ಮುಟ್ಟಿಸಿ ಬಂದೆ. ಮುಂದಿನ ವಾರ ಕಾಕಾನ ಅಂಬಾಸಡರ್ ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಕಾಕು ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಕೂತಿದ್ದರು. ನಾನು ಬಾಗಿಲು ತೆಗೆಯಲು ಹೋದರೆ ಒಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡರು.

“ಇಳಿಯಾಂಗಿಲ್ಲ. ಚಾ ಇಲ್ಲೇ ತರಸು. ಇಳದ್ರ ಈ ಮನಷ್ಯಾ ತಂತಿ ಬಿಚ್ಚಿದ್ರ ಏನ್ ಮಾಡ್ಲಿ?”

ಕಾಕಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕರು. ಚಹಾ ಕುಡಿಯುವವರೆಗೂ ಕಾಕು ಮೀಟರನ್ನೇ ನೋಡುತ್ತ ಕೂತಿದ್ದರು. ಗಾಡಿ ತಿರುಗಿಸುವಾಗ ಕಾಕಾನ ಕಣ್ಣಿಗೆ ಬಲಗಡೆಯ ಲಾರಿ ಕಾಣಲಿಲ್ಲ. ಕಾಕು, “ನಿಂದ್ರಿ, ನಿಂದ್ರಿ... ಹಾಂ, ಈಗ ಹೋಗ್ರಿ” ಎಂದರು. ಹಾಗೇ ಹೋದರು. ನಾನು ಕಾಕಾನನ್ನು ಗಾಡಿಯಲ್ಲಿ ನೋಡಿದ್ದು ಅದೇ ಕೊನೆ. ಮಾತಿನಂತೆ ಮರುದಿನ ಚಾವಿ ಕಳಿಸಿಕೊಟ್ಟಿದ್ದರು. ನಾನು ಅದನ್ನು ತಿರುಗಿ ಕಳಿಸಿದೆ. ಗಾಡಿ ಅವರ ಮನೆಯ ಮುಂದೆಯೇ ನಿಂತಿರಲಿ ಎಂದೆ. ಬಾಡಿಗೆಯ ಮಾತು ಮತ್ತೆ ನಾನು ಎತ್ತಲಿಲ್ಲ.

ಈಚೆಗೆ, ಮಳೆಗಾಲದ ಮೊದಲಲ್ಲಿ, ಕಾಕಾ ತೀರಿಕೊಂಡರು. ನಿದ್ದೆಯಲ್ಲೇ ಹೋದರು, ಯಾರನ್ನೂ ದವಾಖಾನೆಗೆ ಓಡಿಸಲಿಲ್ಲ. ಕಾಕು ಅಳಲಿಲ್ಲ. ಬಂದವರನ್ನೆಲ್ಲ ಊಟಕ್ಕೆ ಎಬ್ಬಿಸಿದರು, ಅಡುಗೆಯವರಿಗೆ ಉಪ್ಪು-ಖಾರ ಹೇಳಿದರು. ಅದೇ ಓಣಿಯಲ್ಲಿರುವ ಮಗಳೇ ಹೆದರಿ, “ಅಣ್ಣಾ, ಅವ್ವ ಒಂದು ಹನಿ ಕಣ್ಣೀರು ಹಾಕಿಲ್ಲ” ಎಂದು ನನ್ನ ಬಳಿ ಹೇಳಿದಳು.

ದಿನಕರ್ಮ ಮುಗಿದ ಮೇಲೆ ಕಾಕು ನನ್ನನ್ನು ಕರೆಸಿದರು. “ಗಾಡಿ ಕೊಟ್ಟುಬಿಡು. ನಿಂತು ಕೆಡಬಾರ್ದು. ಛಲೋ ನೋಡ್ಕೊಳ್ಳೋರಿಗಿ ಕೊಡು” ಎಂದರು. ಹೈದರಾಬಾದಿನ ಒಬ್ಬ ಶೋಕಿಯವರು ಬಹಳ ದಿನದಿಂದ ಕೇಳುತ್ತಿದ್ದರು. ಅವರ ಹೆಸರು ಹೇಳಿದೆ. ಕಾಕು ತಲೆಯಾಡಿಸಿ, “ಮೀಟರ್ ಜೀರೋ ಮಾಡಿ ಕೊಡು” ಎಂದರು.

ನಾನು ನನ್ನ ಕಿವಿಯನ್ನೇ ನಂಬಲಿಲ್ಲ. “ಕಾಕು, ಅವತ್ತು ನೀವೇ ಬ್ಯಾಡ ಅಂದ್ರಿ. ಅದರಾಗ ನಿಮ್ಮ ದಾರಿ ಅದ, ಕಾಕಾ ನಡಿಸಿದ್ದೆಲ್ಲಾ ಅದ. ತಗೊಳ್ಳೋರೂ ಹಂಗೇ ಇರ್ಲಿ ಅಂತಾರ. ಹಳೇ ಅಂಕಿ ಇದ್ರೇ ಗಾಡಿಗಿ ಶೋಭಾ” ಎಂದೆ. ಸೊನ್ನೆ ಬೇಕೆಂದು ಒಂದು ಕಾಲಕ್ಕೆ ಕೂಡಿಸಿಟ್ಟ ವಾದವೆಲ್ಲ ಈಗ ತಿರುಗುಮುರುಗಾಗಿ ನನ್ನ ಬಾಯಿಂದಲೇ ಬರುತ್ತಿತ್ತು.

“ಅದು ನಮ್ಮಿಬ್ಬರ ನಡುವಿನ ಮಾತೋ ಶಿವರಾಜ. ಮಂದಿ ಕೈಯಾಗ ಯಾಕ ಕೊಡ್ಲಿ? ಅವರು ತಮ್ಮ ದಾರಿ ತಾವು ನಡೀಲಿ. ಹಳೇ ಗಾಡಿ ಅದ, ಜೀರೋ ಮಾಡೀವಿ ಅಂತ ಹೇಳೇ ಕೊಡು. ಸುಳ್ಳು ಹೇಳಬ್ಯಾಡ.”

ಕೊಳ್ಳುವವರಿಗೆ ಫೋನು ಮಾಡಿ ಎಲ್ಲ ತಿಳಿಸಿದೆ, ಒಪ್ಪಿದರು. ಖಾಜಾನನ್ನು ಕರೆದುಕೊಂಡು ಮತ್ತೆ ಕಲ್ಯಾಣಕ್ಕೆ ಹೋದೆ. ಮುಂಜಾನೆಯ ಬಿಸಿಲಿತ್ತು. ಅಂಗಡಿಗೆ ಒಯ್ದು ಮಾಡುತ್ತೇವೆ ಎಂದರೆ ಕಾಕು ಕೇಳಲಿಲ್ಲ, ತಮ್ಮ ಕಣ್ಣೆದುರೇ ಆಗಬೇಕು ಎಂದರು. ಮುಂದಿನ ಬಾಗಿಲು ತೆಗೆದು, ಕಾಕಾನ ಪಕ್ಕದ ತಮ್ಮ ಜಾಗದಲ್ಲಿ ಕೂತರು. ಖಾಜಾ ಮೀಟರ್ ಹೊರಗೆ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಅಂಕಿಯ ಗಾಲಿಗಳನ್ನು ಒಂದೊಂದಾಗಿ ಸರಿಸಿದ. ಕೆಲಸ ಸಣ್ಣದು. ಮತ್ತೆ ಜಾಗಕ್ಕೆ ಕೂಡಿಸಿ, ತಂತಿ ಹಚ್ಚಿ, ತನ್ನ ಅಂಗಿಯ ತುದಿಯಿಂದಲೇ ಗಾಜು ಒರೆಸಿ, “ಆತ್ರಿ ಕಾಕು” ಎಂದ.

ಕಾಕು ಬಗ್ಗಿ ನೋಡಿದರು. ಸೊನ್ನೆಗಳು ಸಾಲಾಗಿ ಕೂತಿದ್ದವು.

“ಈಗ ಹೋದ್ರು” ಎಂದರು.

ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡರು. ಖಾಜಾ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಅವನನ್ನು ಕರೆದುಕೊಂಡು ಓಣಿಯ ತುದಿಗೆ ಹೋಗಿ ನಿಂತೆ. ಮಗಳು ಮನೆಯಿಂದ ಓಡಿಬಂದು ಗಾಡಿಯೊಳಗೆ ಅವ್ವನನ್ನು ಅಪ್ಪಿಕೊಂಡಳು. ಬಹಳ ಹೊತ್ತಾದ ಮೇಲೆ ಇಬ್ಬರೂ ಇಳಿದು ಒಳಗೆ ಹೋದರು.

ಗಾಡಿ ನಾನೇ ನಡೆಸಿಕೊಂಡು ಬಂದೆ. ಹುಮನಾಬಾದ್ ಬರುವವರೆಗೂ ಮೀಟರಿನ ಕಡೆ ನೋಡಲಿಲ್ಲ.